ಸಂಬಳ ಏರಿದ್ದು 1,900 ಪೌಂಡ್, ಟ್ಯಾಕ್ಸ್ ಕ್ರೆಡಿಟ್ ಇಳಿದದ್ದು ಅರ್ಧದಷ್ಟು: ಈ ಲೆಕ್ಕ ಯಾರಿಗಾದರೂ ಅರ್ಥವಾಗುತ್ತದೆಯೇ?

ಕೊವೆಂಟ್ರಿ_ಕನ್ನಡಿಗ (ಮೇ 2017; ಕಡಿಮೆ ಆದಾಯದ ಕುಟುಂಬಗಳಿಗೆ ಬ್ರಿಟನ್ ಸರ್ಕಾರ ಕೊಡುತ್ತಿದ್ದ ಟ್ಯಾಕ್ಸ್ ಕ್ರೆಡಿಟ್ ಎಂಬ ನೆರವು 2025ರ ಏಪ್ರಿಲಿನಲ್ಲಿ ನಿಂತಿತು; ಇಲ್ಲಿನ ನಿಯಮ, ದರಗಳು ಆಗಿನವು)

ಎಲ್ಲರಿಗೂ ನಮಸ್ಕಾರ. ತೆರಿಗೆ ಇಲಾಖೆಯ ಫೋನಿನಲ್ಲಿ ಗಂಟೆಗಟ್ಟಲೆ ಕಾದು ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. 2015-16ರಲ್ಲಿ ನನ್ನ ಸಂಬಳ 22,000 ಪೌಂಡ್ ಇತ್ತು, 2016-17ರಲ್ಲಿ 23,900 ಆಯಿತು. ವರ್ಷದ ನಡುವೆ ಆದಾಯ 2,500 ಪೌಂಡ್‌ವರೆಗೆ ಏರಿದರೆ ಆ ವರ್ಷದ ಅವಾರ್ಡಿಗೆ, ಅಂದರೆ ಮಂಜೂರಾದ ಕ್ರೆಡಿಟ್ ಮೊತ್ತಕ್ಕೆ, ಧಕ್ಕೆಯಿಲ್ಲ ಎಂದು ನಿಯಮವೇ ಹೇಳುತ್ತದೆ. ನನ್ನ ಏರಿಕೆ ಅಷ್ಟೂ ಇಲ್ಲ. ಹೀಗಿದ್ದರೂ ರಿನ್ಯೂವಲ್ ಮುಗಿದ ಮೇಲೆ ಬಂದ ನೋಟಿಸಿನಲ್ಲಿ, ಕಳೆದ ವರ್ಷ 1,189 ಪೌಂಡ್ ಹೆಚ್ಚಾಗಿ ಪಾವತಿಯಾಗಿದೆ, ಅದನ್ನು ವಸೂಲು ಮಾಡಲಾಗುವುದು ಎಂದಿದೆ. ಕಳೆದ ವರ್ಷ 4,497.20 ಇದ್ದ ಅವಾರ್ಡ್ ಈ ವರ್ಷ 2,283.20ಕ್ಕೆ ಇಳಿದಿದೆ. ನಾಲ್ಕು ವಾರಕ್ಕೊಮ್ಮೆ 345 ಪೌಂಡ್ ಬರುತ್ತಿದ್ದ ಜಾಗದಲ್ಲಿ ಇನ್ನು ಮುಂದೆ ನೂರೂ ಬರುವುದಿಲ್ಲವಂತೆ. ಇಬ್ಬರು ಮಕ್ಕಳು, ಚೈಲ್ಡ್‌ಕೇರ್ ಖರ್ಚಿಲ್ಲ, ಮನೆ ಬದಲಾಗಿಲ್ಲ, ಕೆಲಸವೂ ಅದೇ. ತಪ್ಪು ಇಲಾಖೆಯವರದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಸಾಬೀತು ಮಾಡುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಲೂಟನ್_ಹಳಬ

ಇದು ತಡವಾಗಿ ತಿಳಿಸಿದ್ದರ ಫಲ. ಸಂಬಳ ಏರಿದ ಒಂದು ತಿಂಗಳೊಳಗೆ ನೀವು ಫೋನ್ ಮಾಡಿ ಹೇಳಬೇಕಿತ್ತು. ಹೇಳಿದ ದಿನಾಂಕವನ್ನು ಬರೆದಿಟ್ಟುಕೊಂಡಿದ್ದೀರಾ? ಇಲ್ಲದಿದ್ದರೆ ವಿನಾಯಿತಿ ಸಿಗುವುದಿಲ್ಲ. ಇನ್ನೊಂದು ಮಾತು, ಆ ಮಿತಿ 2,500 ಅಲ್ಲ, 5,000.

ರೆಡಿಂಗ್_ರಾಯರು

5,000 ಎನ್ನುವುದು ಹಳೆಯ ಮಾತು ಹಳಬರೇ. 2003ರಲ್ಲಿ ಯೋಜನೆ ಆರಂಭವಾದಾಗ ಮಿತಿ 2,500 ಇತ್ತು. 2006-07ರಲ್ಲಿ ಒಮ್ಮೆಲೇ 25,000ಕ್ಕೆ ಏರಿತು, 2011-12ರಲ್ಲಿ 10,000ಕ್ಕೂ 2013-14ರಲ್ಲಿ 5,000ಕ್ಕೂ ಇಳಿದು, 2016ರ ಏಪ್ರಿಲಿನಿಂದ ಮೊದಲಿದ್ದ 2,500ಕ್ಕೇ ಬಂದು ನಿಂತಿದೆ. ಈ ಎಲ್ಲ ವರ್ಷಗಳ ದರಗಳನ್ನೂ ಬೇರೆ ಬೇರೆ ಹಾಳೆಗಳಲ್ಲಿ ಜೋಡಿಸಿ, ಆದಾಯ ತುಂಬಿದ ಕೂಡಲೇ ಪ್ರತಿ ದಿನದ ದರವನ್ನು ಪೈಸೆ ಸಹಿತ ತೋರಿಸುವ ಎಕ್ಸೆಲ್ ಶೀಟನ್ನು ನಾನು ಮಾಡಿಟ್ಟುಕೊಂಡಿದ್ದೇನೆ. ಮೂರು ಮಕ್ಕಳು, ಅಂಗವಿಕಲತೆಯ ಅಂಶ, ಚೈಲ್ಡ್‌ಕೇರಿನ ಶೇ. 70, ಎಲ್ಲವೂ ಅದರಲ್ಲಿದೆ; ಲೆಕ್ಕ ಬದಲಾದರೆ ಸಾಲು ತಾನಾಗಿಯೇ ಕೆಂಪಾಗುತ್ತದೆ. ನಿಮ್ಮ 22,000 ಹಾಕಿ ನೋಡಿದೆ, 4,497.20 ಸರಿಯಾಗಿಯೇ ಬಂತು. 23,900 ಹಾಕಿದರೆ ಈ ವರ್ಷಕ್ಕೆ 3,718.20 ಬರಬೇಕು. ನೋಟಿಸಿನ ಅಂಕಿ ನನ್ನ ಶೀಟಿಗೆ ಹೊಂದುತ್ತಿಲ್ಲ, ಆದ್ದರಿಂದ ನೋಟಿಸ್ ತಪ್ಪು.

ಲೂಟನ್_ಹಳಬ

ಶೀಟು ಏನೇ ಹೇಳಲಿ, ತಿಳಿಸಿದ ದಿನಾಂಕ ಯಾವುದು ಎಂಬ ಪ್ರಶ್ನೆಗೆ ಅವರಿನ್ನೂ ಉತ್ತರಿಸಿಲ್ಲ. ಒಂದು ತಿಂಗಳ ನಿಯಮ ಇದೆಯೋ ಇಲ್ಲವೋ?

ಲೆಸ್ಟರ್_ಲೆಕ್ಕದಮ್ಮ

ಒಂದು ತಿಂಗಳ ನಿಯಮ ಇದೆ, ಆದರೆ ಅದು ಕೆಲಸದ ಗಂಟೆ ಇಳಿದಾಗ, ಚೈಲ್ಡ್‌ಕೇರ್ ಖರ್ಚು ತಗ್ಗಿದಾಗ, ದಂಪತಿ ಬೇರೆಯಾದಾಗ ಅನ್ವಯಿಸುವಂಥದ್ದು. ಆದಾಯದ ಏರಿಕೆಯನ್ನು ನಡುವರ್ಷದಲ್ಲಿ ತಿಳಿಸುವುದು ಕಡ್ಡಾಯವಲ್ಲ. ತಿಳಿಸಿದರೆ ಮುಂದೆ ಬರುವ ಸಾಲ ಕಡಿಮೆಯಾಗುತ್ತದೆ, ಅಷ್ಟೇ. 2,500ರ ವಿನಾಯಿತಿ ಯಾರೂ ಕೇಳದೆಯೇ ಸಿಗುತ್ತದೆ. ಆ ಚರ್ಚೆ ಬದಿಗಿರಲಿ.

ನೋಟಿಸಿನ ಅಂಕಿಗಳನ್ನೇ ಹಿಂದುಮುಂದಾಗಿ ಓದೋಣ. ಮಿತಿ ದಾಟಿದ ಪ್ರತಿ ಪೌಂಡಿಗೆ 41 ಪೆನ್ಸ್ ಕಡಿತವಾಗುತ್ತದೆ. ಹಾಗಾದರೆ 1,189ನ್ನು 0.41ರಿಂದ ಭಾಗಿಸಿದರೆ ಸರಿಯಾಗಿ 2,900 ಬರುತ್ತದೆ. ಅದಕ್ಕೆ ವಿನಾಯಿತಿಯ 2,500 ಸೇರಿಸಿದರೆ 5,400. ಇನ್ನು ರಾಯರ ಶೀಟು ಹೇಳುವ 3,718.20ಕ್ಕೂ ನೋಟಿಸಿನ 2,283.20ಕ್ಕೂ ಇರುವ ಅಂತರ 1,435, ಅದನ್ನೂ 0.41ರಿಂದ ಭಾಗಿಸಿದರೆ 3,500. ಎರಡೂ ದಾರಿಯಲ್ಲಿ ಚಿಲ್ಲರೆ ಉಳಿಯದೆ ಒಂದೇ ಕಥೆ ಹೊರಬರುತ್ತಿದೆ: ನಿಮ್ಮ ಮನೆಯ ಆದಾಯ 5,400 ಏರಿದೆ, ಅದರಲ್ಲಿ ನಿಮ್ಮದು 1,900. ಉಳಿದ 3,500 ಯಾರದು ಕೊವೆಂಟ್ರಿಯವರೇ? ನಿಮ್ಮ ಮನೆಯವರು ಕೆಲಸಕ್ಕೆ ಸೇರಿದ್ದಾರೆಯೇ?

ಕೊವೆಂಟ್ರಿ_ಕನ್ನಡಿಗ

ಹೌದು, ಅಕ್ಟೋಬರಿನಿಂದ ಶಾಲೆಯೊಂದರ ಅಡುಗೆಮನೆಯಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದಾರೆ. ಮಾರ್ಚ್ ಕೊನೆಯವರೆಗೆ ಸುಮಾರು 3,500 ಬಂದಿರಬಹುದು, ಪಿ60ಯನ್ನು (ವರ್ಷದ ಸಂಬಳ, ತೆರಿಗೆಯ ಪ್ರಮಾಣಪತ್ರ) ರಿನ್ಯೂವಲ್‌ನಲ್ಲಿ ತೋರಿಸಿದ್ದೇವೆ. ಆದರೆ ಅದು ಬೇರೆ ವಿಷಯವಲ್ಲವೇ? ಅವರ ಸಂಬಳ 11,000ದ ಪರ್ಸನಲ್ ಅಲೊವೆನ್ಸಿನ (ತೆರಿಗೆ ಬೀಳದ ಆದಾಯದ ಮಿತಿ) ಒಳಗಿದೆ. ಒಂದು ಪೆನ್ನಿ ತೆರಿಗೆಯೂ ಇಲ್ಲ, ನ್ಯಾಷನಲ್ ಇನ್ಶೂರೆನ್ಸೂ (ಸಾಮಾಜಿಕ ವಿಮೆಯ ಕಡಿತ) ಇಲ್ಲ. ತೆರಿಗೆಯೇ ಇಲ್ಲದ ಆದಾಯ ನನ್ನ ಟ್ಯಾಕ್ಸ್ ಕ್ರೆಡಿಟ್ಟಿಗೆ ಹೇಗೆ ಅಡ್ಡ ಬರುತ್ತದೆ?

ಲೂಟನ್_ಹಳಬ

ನೋಡಿದಿರಾ, ಅಕ್ಟೋಬರಿನಲ್ಲೇ ತಿಳಿಸಬೇಕಿತ್ತು. ನಾನು ಮೊದಲೇ ಹೇಳಿದ್ದೆ.

ಲೆಸ್ಟರ್_ಲೆಕ್ಕದಮ್ಮ

ಆದಾಯ ತೆರಿಗೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ, ಟ್ಯಾಕ್ಸ್ ಕ್ರೆಡಿಟ್ಟಿನಲ್ಲಿ ಇಬ್ಬರದೂ ಒಂದೇ ಅರ್ಜಿ. ಇಲ್ಲಿ ಪರ್ಸನಲ್ ಅಲೊವೆನ್ಸಿಗೆ ಕೆಲಸವಿಲ್ಲ. ತೆರಿಗೆ ಕಡಿತಕ್ಕೆ ಮುಂಚಿನ ಒಟ್ಟು ಸಂಬಳವೇ ಲೆಕ್ಕ. ನಿಮ್ಮ ಮನೆಗೆ ಗರಿಷ್ಠ ಮೊತ್ತ ಹೀಗೆ ಕೂಡುತ್ತದೆ: ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ಟಿನ ಮೂಲ ಅಂಶ 1,960, ದಂಪತಿ ಅಂಶ 2,010, ವಾರಕ್ಕೆ 30 ಗಂಟೆ ದುಡಿಯುವುದಕ್ಕೆ 810, ಕುಟುಂಬ ಅಂಶ 545, ಮಗುವೊಂದಕ್ಕೆ 2,780ರಂತೆ ಎರಡಕ್ಕೆ 5,560. ಒಟ್ಟು 10,885. ಜಂಟಿ ಆದಾಯ 6,420 ದಾಟಿದ ಮೇಲೆ ಇದರಿಂದಲೇ ಶೇ. 41ರಂತೆ ಕಳೆಯುತ್ತಾ ಹೋಗುತ್ತಾರೆ.

ಕಳೆದ ವರ್ಷಕ್ಕೆ ನಿಮ್ಮ ಜಂಟಿ ಆದಾಯ 27,400. ವಿನಾಯಿತಿ ಕಳೆದು 24,900ರ ಮೇಲೆ ಲೆಕ್ಕ ಹಾಕಿದ್ದಾರೆ, ಆದ್ದರಿಂದ ನಿಮಗೆ ಸಲ್ಲಬೇಕಿದ್ದದ್ದು 3,308.20; ಬಂದದ್ದು 4,497.20. ಈ ವರ್ಷದ ಅವಾರ್ಡ್ ಮಾತ್ರ ಪೂರ್ತಿ 27,400ರಿಂದ ಆರಂಭವಾಗುತ್ತದೆ, ಏಕೆಂದರೆ 2,500ರ ವಿನಾಯಿತಿ ಏರಿಕೆಯಾದ ವರ್ಷಕ್ಕೆ ಮಾತ್ರ ಸೀಮಿತ, ಮರುವರ್ಷಕ್ಕೆ ಅದು ಹರಿದು ಬರುವುದಿಲ್ಲ. ಇಲ್ಲಿಗೆ ಪ್ರಶ್ನೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ವಿನಾಯಿತಿ ಎಂದರೆ ಕಾಯಂ ಮಾಫಿ ಎಂದುಕೊಂಡು.

ಇನ್ನು ಕೈಗೆ ಬರುವ ಹಣ ನೂರರ ಒಳಗೆ ಏಕೆ ಎಂದರೆ, 2,283.20ನ್ನು 13 ಕಂತಿಗೆ ಹಂಚಿದರೆ ಸುಮಾರು 175 ಪೌಂಡ್. ಜಂಟಿ ಆದಾಯ 20,000 ಮೀರಿದವರಿಂದ ಹಳೆಯ ಬಾಕಿಯನ್ನು ಅವಾರ್ಡಿನ ಅರ್ಧದವರೆಗೆ ಹಿಡಿದುಕೊಳ್ಳಬಹುದು ಎಂಬ ನಿಯಮ ಕಳೆದ ವರ್ಷದಿಂದ ಬಂದಿದೆ. 175ರ ಅರ್ಧ ಎಂದರೆ 88ರ ಆಸುಪಾಸು.

ಮೈಸೂರಿನ_ಮನೆ

ನಡುವೆ ಒಂದು ಪ್ರಶ್ನೆ. ಊರಿನ ಮನೆಯ ಬಾಡಿಗೆಯನ್ನೂ ಸೇರಿಸಬೇಕೇ? ಅದು ಅಲ್ಲಿಯೇ ಬ್ಯಾಂಕಿನಲ್ಲಿ ಇರುತ್ತದೆ, ಇಲ್ಲಿಗೆ ತರಿಸಿಯೇ ಇಲ್ಲ.

ರೆಡಿಂಗ್_ರಾಯರು

ತರಿಸದಿದ್ದರೆ ಲೆಕ್ಕವಿಲ್ಲ. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಬಡ್ಡಿಗಂತೂ ಭಾರತದಲ್ಲಿಯೇ ತೆರಿಗೆ ಇಲ್ಲ. ಚೈಲ್ಡ್ ಬೆನಿಫಿಟ್ (ಸರ್ಕಾರ ಕೊಡುವ ಮಕ್ಕಳ ಭತ್ಯೆ) ಮಾತ್ರ ಸೇರಿಸಬೇಕು.

ಲೆಸ್ಟರ್_ಲೆಕ್ಕದಮ್ಮ

ಮೂರೂ ತಲೆಕೆಳಗಾಗಿವೆ ರಾಯರೇ. ವಿದೇಶದ ಆದಾಯ ಇಲ್ಲಿಗೆ ಬಂದರೂ ಬಾರದಿದ್ದರೂ ಲೆಕ್ಕಕ್ಕೆ ಸೇರುತ್ತದೆ, ಭಾರತದ ತೆರಿಗೆ ವಿನಾಯಿತಿ ಇಲ್ಲಿ ನಡೆಯದು. ಬಾಡಿಗೆ, ಬಡ್ಡಿ, ಪಿಂಚಣಿ, ವಿದೇಶಿ ಆದಾಯ ಎಲ್ಲ ಕೂಡಿ ಬಂದ ಮೊತ್ತದಲ್ಲಿ ವರ್ಷಕ್ಕೆ ಮೊದಲ 300 ಪೌಂಡನ್ನು ಮಾತ್ರ ಬಿಡುತ್ತಾರೆ. ಚೈಲ್ಡ್ ಬೆನಿಫಿಟ್ ಮತ್ತು ಐಸಾ (ತೆರಿಗೆ ಇಲ್ಲದ ಉಳಿತಾಯ ಖಾತೆ) ಬಡ್ಡಿ ಸೇರುವುದಿಲ್ಲ. ಬಾಡಿಗೆಯ ವಿಚಾರಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ.

ಕೊವೆಂಟ್ರಿ_ಕನ್ನಡಿಗ

ಹಾಗಾದರೆ ನಮ್ಮ ಮನೆಯವರು ಕೆಲಸಕ್ಕೆ ಹೋದದ್ದೇ ದಂಡವೆಂದಾಯಿತು. ಈ ಓವರ್‌ಪೇಮೆಂಟನ್ನು ಪ್ರಶ್ನಿಸಲು ಟಿಸಿ846 ನಮೂನೆ ಇದೆಯಂತೆ, ಅದನ್ನು ತುಂಬಲೇ?

ಲೆಸ್ಟರ್_ಲೆಕ್ಕದಮ್ಮ

ನೀವು ಹೇಳಬೇಕಾದುದನ್ನು ಸರಿಯಾಗಿ ಹೇಳಿದ್ದು, ಇಲಾಖೆ ಅದನ್ನು ದಾಖಲಿಸುವಲ್ಲಿ ಎಡವಿದ್ದರೆ ಆ ನಮೂನೆ ನಡೆಯುತ್ತದೆ. ಇಲ್ಲಿ ಅಂಥದ್ದೇನೂ ಆಗಿಲ್ಲ. ಮನೆಖರ್ಚಿಗೆ ತೊಂದರೆಯಾಗುವುದಾದರೆ ಆದಾಯ ಖರ್ಚಿನ ವಿವರ ಕೊಟ್ಟು ವಸೂಲಿಯ ವೇಗ ತಗ್ಗಿಸಿ ಎಂದು ಕೇಳಿ, ಅದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ದಂಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಯವರ 3,500ರಲ್ಲಿ ಹೋಗುವುದು 1,435, ಮನೆಗೆ ಉಳಿಯುವುದು 2,065. ನಿಜವಾಗಿ ಹೊಟ್ಟೆ ಉರಿಯಬೇಕಾದ್ದು ನಿಮ್ಮ 1,900ರ ಬಗ್ಗೆ: ಶೇ. 20 ತೆರಿಗೆ, ಶೇ. 12 ಇನ್ಶೂರೆನ್ಸ್, ಶೇ. 41 ಕ್ರೆಡಿಟ್ ಕಡಿತ ಸೇರಿ 100ಕ್ಕೆ 73 ಹೋಗಿ, ಕೊನೆಗೆ ಉಳಿಯುವುದು 513 ಪೌಂಡ್. ಪಿಂಚಣಿಗೆ ಕಟ್ಟುವ ಹಣವನ್ನು ಆದಾಯದಿಂದ ಪೂರ್ತಿ ಕಳೆಯಲು ಅವಕಾಶವಿದೆ. ನಿಮ್ಮ ಪಿ60ಯಲ್ಲಿ ಅದನ್ನು ಕಳೆದೇ ತೋರಿಸಿದ್ದಾರೆಯೋ ಇಲ್ಲವೋ ಎಂದು ಸಂಬಳದ ಚೀಟಿಯೊಡನೆ ಹೋಲಿಸಿ ನೋಡಿ.

ಇನ್ನೂ ಒಂದು ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು. ಕಳೆದ ವರ್ಷ ಅವರು ದುಡಿದದ್ದು ಅರ್ಧ ವರ್ಷ ಮಾತ್ರ. ಈ ವರ್ಷ ಪೂರ್ತಿ ದುಡಿದರೆ 7,000 ಆಗುತ್ತದೆ, ನಿಮ್ಮ ಸಂಬಳ ಒಂದು ಪೌಂಡೂ ಏರದಿದ್ದರೂ ಜಂಟಿ ಆದಾಯ 30,900 ಮುಟ್ಟುತ್ತದೆ. ಏರಿಕೆ 3,500, ವಿನಾಯಿತಿ 2,500, ಉಳಿದ 1,000ಕ್ಕೆ 410 ಪೌಂಡ್ ಹೊಸ ಬಾಕಿ. ಈಗಲೇ ಫೋನ್ ಮಾಡಿ ಅಂದಾಜು ಆದಾಯ 30,900 ಎಂದು ತಿಳಿಸಿದರೆ ಈ ವರ್ಷದ ಅವಾರ್ಡ್ 1,873.20ಕ್ಕೆ ಇಳಿದು ಆ ಬಾಕಿ ತಪ್ಪುತ್ತದೆ. ದರಗಳು ಹೀಗೆಯೇ ಇದ್ದರೆ 2018-19ಕ್ಕೆ 848.20.

ರೆಡಿಂಗ್_ರಾಯರು

848.20 ಸರಿ, ಶೀಟಿನಲ್ಲೂ ಅದೇ ಬಂತು. ಎರಡನೆಯ ಆದಾಯಕ್ಕೆ ಬೇರೆ ಕಾಲಂ ಇಂದು ಸೇರಿಸಿದೆ.

ಕೊವೆಂಟ್ರಿ_ಕನ್ನಡಿಗ

ಫೋನ್ ಮಾಡಿ 30,900 ಎಂದು ಹೇಳಿದ್ದೇನೆ, ವಸೂಲಿ ತಗ್ಗಿಸಲು ಖರ್ಚಿನ ವಿವರ ಕೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಅವರಿಗೆ ಸಂಬಳವಿರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಹಾಗಾದರೆ ವರ್ಷಕ್ಕೆ 7,000 ಬರುವುದಿಲ್ಲ, ಸುಮಾರು 6,000 ಆಗಬಹುದು. ಮತ್ತೆ ಫೋನ್ ಮಾಡಬೇಕೇ?

ಲೆಸ್ಟರ್_ಲೆಕ್ಕದಮ್ಮ

ಮಾಡಿ. 6,000 ಎಂದರೆ ಏರಿಕೆ ಸರಿಯಾಗಿ 2,500, ವಿನಾಯಿತಿಯ ಒಳಗೇ. ಈ ವರ್ಷದ ಅವಾರ್ಡ್ 2,283.20 ಆಗಿಯೇ ಉಳಿಯುತ್ತದೆ. ಓವರ್‌ಟೈಮ್ ಒಪ್ಪಿಕೊಳ್ಳುವ ಮುನ್ನ ಇದನ್ನು ನೆನಪಿನಲ್ಲಿಡಿ.

ಲೂಟನ್_ಹಳಬ

ಮತ್ತು ಫೋನ್ ಮಾಡಿದ ದಿನಾಂಕ ಬರೆದಿಟ್ಟುಕೊಳ್ಳಿ.