ಜೆಯು-06ಎ ಹೆಡ್‌ಫೋನಿನಲ್ಲಿ ದಪ್ಪ, ಹಾಲ್‌ನಲ್ಲಿ ತೆಳು: ಏಕಿರಬಹುದು?

ಡೊಂಬಿವಲಿ_ಕೀಸ್:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು ರೋಲ್ಯಾಂಡ್ ಜೆಯು-06ಎ, ಅದೇ ಕಂಪನಿಯ ಹಳೆಯ ಜೂನೋ ಸಿಂಥಸೈಜರ್‌ಗಳ (ಸಿಂಥ್) ಡಿಜಿಟಲ್ ರೂಪ. ಗಣೇಶೋತ್ಸವಕ್ಕೆ ಮಾಟುಂಗಾದ ಹಾಲ್‌ನಲ್ಲಿ ನಮ್ಮ ಸಂಘದ ಆರ್ಕೆಸ್ಟ್ರಾ ಇದೆ, ಹೆಚ್ಚಿನವು 80ರ ದಶಕದ ಕನ್ನಡ ಚಿತ್ರಗೀತೆಗಳು. ತಬಲಾ, ಢೋಲಕ್, ಬೇಸ್ ಗಿಟಾರ್ ಜೊತೆಗಿವೆ. ಸ್ಟ್ರಿಂಗ್ಸ್, ಪ್ಯಾಡ್ (ಹಿನ್ನೆಲೆಗೆ ಎಳೆದು ಹಿಡಿಯುವ ನಾದ) ನನ್ನ ಪಾಲು.

ಹೆಡ್‌ಫೋನಿನಲ್ಲಿ ನಾದ ತುಂಬಿಕೊಂಡು ಬರುತ್ತದೆ. ಅದೇ ಪ್ಯಾಚ್ (ಸಿಂಥ್‌ನಲ್ಲಿ ಉಳಿಸಿಟ್ಟ ನಾದದ ಸೆಟಿಂಗ್) ಮಿಕ್ಸರ್‌ಗೆ ಹೋದರೆ ನೀರು ಮಜ್ಜಿಗೆಯ ಹಾಗೆ. ಔಟ್‌ಪುಟ್ ಜ್ಯಾಕ್‌ನಿಂದ 3.5 ಎಂಎಂ ಸ್ಟೀರಿಯೋ ಟು 6.35 ಎಂಎಂ ಸ್ಟೀರಿಯೋ ಕೇಬಲ್, ನೇರ ಮಿಕ್ಸರ್‌ನ ಒಂದು ಲೈನ್ ಇನ್‌ಗೆ. ಇಕ್ಯೂ (ಬಾಸ್, ಟ್ರೆಬಲ್ ಗುಂಡಿಗಳು) ಎಷ್ಟು ತಿರುಗಿಸಿದರೂ ಬಾಸ್ ಬರುವುದಿಲ್ಲ.

ಎರಡನೆಯದು, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು, ಮೌಸ್ ಆಡಿಸಿದರೆ ಸದ್ದೂ ಬದಲಾಗುತ್ತದೆ. ಮೂರನೆಯದು, ಕಾರ್ಡ್ ಬದಲಿಸುವಾಗ ಹಿಂದಿನ ಸ್ವರಗಳು ಪಟ್ಟನೆ ಕತ್ತರಿಸಿ ಹೋಗುತ್ತವೆ. ಎಷ್ಟಾದರೂ ಇದು ಡಿಜಿಟಲ್ ನಕಲು, ಜಪಾನಿನಿಂದ ಹಳೆಯ ಜೂನೋ-106 ತರಿಸುವುದೇ ವಾಸಿ ಎನ್ನುತ್ತಾರೆ ಕೆಲವರು. ನಿಮ್ಮ ಅಭಿಪ್ರಾಯ?

ಮಿಕ್ಸರ್_ಭಟ್ಟ (ಮುಲುಂಡ್):

ಮಾರಾಯ್ರೆ, ಸಿಂಥ್‌ಗೆ ಏನೂ ಆಗಿಲ್ಲ, ತಪ್ಪಿರುವುದು ಕೇಬಲ್. ಮೊದಲು ಒಂದು ಪರೀಕ್ಷೆ: ಎಲ್ಲವನ್ನೂ ಹಾಗೆಯೇ ಇಟ್ಟು ಕೋರಸ್ (ನಾದವನ್ನು ಅಗಲ ಮಾಡಿ ತೂಗಿಸುವ ಎಫೆಕ್ಟ್) ಮಾತ್ರ ಆಫ್ ಮಾಡಿ. ಹಾಲ್‌ನಲ್ಲಿ ನಾದ ಹೆಚ್ಚುಕಡಿಮೆ ಪೂರ್ತಿ ಮಾಯವಾದರೆ ನಾನು ಹೇಳುವುದೇ ಕಾರಣ.

ಆ ಪ್ಲಗ್‌ನ ತುದಿಯಲ್ಲಿ ಎಡ ಚಾನೆಲ್, ನಡುವಿನ ರಿಂಗ್‌ನಲ್ಲಿ ಬಲ ಚಾನೆಲ್. ಮಿಕ್ಸರ್‌ನ ಲೈನ್ ಇನ್ ಬ್ಯಾಲೆನ್ಸ್ಡ್, ಅಂದರೆ ಒಂದೇ ಸಿಗ್ನಲನ್ನು ಎರಡು ತಂತಿಯಲ್ಲಿ, ಒಂದರಲ್ಲಿ ನೇರ ಇನ್ನೊಂದರಲ್ಲಿ ತಲೆಕೆಳಗಾಗಿ, ನಿರೀಕ್ಷಿಸುವಂಥದ್ದು. ಅದಕ್ಕೆ ಸ್ಟೀರಿಯೋ ಗೊತ್ತಿಲ್ಲ, ತುದಿಯಿಂದ ರಿಂಗನ್ನು ಕಳೆಯುವುದಷ್ಟೇ ಅದರ ಕೆಲಸ. ಎರಡೂ ಕಡೆ ಸಮಾನವಾಗಿರುವುದೆಲ್ಲ ಕಳೆದು ಸೊನ್ನೆ. ಜೂನೋದಲ್ಲಿ ಕೋರಸ್ ತಾಗದ ಮೂಲ ನಾದ ಎಡಕ್ಕೂ ಬಲಕ್ಕೂ ಒಂದೇ, ಸಬ್ ಆಸಿಲೇಟರಿನ (ಒಂದು ಆಕ್ಟೇವ್ ಕೆಳಗಿನ ಸ್ವರ ಕೂಡಿಸುವ ಭಾಗ) ತೂಕವೂ ಬಹುಪಾಲು ಅದರಲ್ಲೇ. ಅದು ಹೋದ ಮೇಲೆ ಉಳಿಯುವುದು ಎಡ ಬಲದ ಕೋರಸ್‌ಗಳ ನಡುವಿನ ವ್ಯತ್ಯಾಸ ಮಾತ್ರ. ಇಲ್ಲದ ಬಾಸನ್ನು ಇಕ್ಯೂ ಎಲ್ಲಿಂದ ತರಬೇಕು?

3.5 ಎಂಎಂ ಸ್ಟೀರಿಯೋ ಒಂದು ಕಡೆ, 6.35 ಎಂಎಂ ಮೋನೋ ಎರಡು ಇನ್ನೊಂದು ಕಡೆ ಇರುವ ವೈ ಕೇಬಲ್ ತೆಗೆದುಕೊಳ್ಳಿ. ಒಂದೂವರೆ ಮೀಟರ್ ಸಾಕು. ಅಲ್ಲಿಂದ ಎರಡು ಚಾನೆಲ್‌ನ ಡಿಐ ಬಾಕ್ಸ್ (ಅನ್‌ಬ್ಯಾಲೆನ್ಸ್ಡ್ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡುವ ಪೆಟ್ಟಿಗೆ), ಅದರಿಂದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಮಿಕ್ಸರ್‌ಗೆ. ಅನ್‌ಬ್ಯಾಲೆನ್ಸ್ಡ್ ಕೇಬಲನ್ನೇ ವೇದಿಕೆಯಿಂದ ಹಾಲ್‌ನ ಕೊನೆಯವರೆಗೆ ಎಳೆದರೆ ಲೈಟ್ ಡಿಮ್ಮರಿನ ಗುಂಯ್‌ ಪೂರ್ತಿ ಒಳಗೆ ಬರುತ್ತದೆ. ಡಿಐ ಒಡೆದ ಹಾಗೆ ಕೇಳಿಸಿದರೆ ಅದರ 20 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಹಾಕಿ.

ಇನ್ನೊಂದು ವಿಷಯ. ಹಾಲ್‌ನ ಸ್ಪೀಕರ್ ವ್ಯವಸ್ಥೆ ಮೋನೋ ಆಗಿದ್ದರೆ ಎರಡೂ ಚಾನೆಲ್ ಕೂಡಿಸಬೇಡಿ, ಎಡದ್ದನ್ನು ಮಾತ್ರ ಎತ್ತಿ. ಎರಡು ಕಡೆಯ ಕೋರಸ್‌ಗಳು ಒಂದಕ್ಕೊಂದು ವಿರುದ್ಧವಾಗಿ ಏರಿಳಿಯುತ್ತವೆ. ಕೂಡಿದಾಗ ಆ ತೂಗಾಟ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಒಂದೇ ಕಡೆಯದು ತೆಗೆದುಕೊಂಡರೆ ಜೀವಂತವಾಗಿರುತ್ತದೆ.

ಪುಣೆ_ಸರ್ಕ್ಯೂಟ್:

ಯುಎಸ್‌ಬಿ ಸದ್ದಿನ ಬಗ್ಗೆ ನಾ ಹೇಳ್ತೀನಿ ನೋಡ್ರಿ. ಇದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಚಾರ್ಜರ್‌ದಿಂದ ಒಂದು ಗ್ರೌಂಡ್, ಮಿಕ್ಸರ್‌ದಿಂದ ಇನ್ನೊಂದು, ನಡುವ ನಿಮ್ಮ ಆಡಿಯೋ ಕೇಬಲ್‌ನ ಶೀಲ್ಡ್ ಸೇತುವೆ ಆಗೈತಿ. ಲ್ಯಾಪ್‌ಟಾಪ್‌ನ ಗಲಾಟೆ ಅದರ ಮ್ಯಾಲೆ ಹರೀತೈತಿ, ಅದಕ್ಕ ಮೌಸ್ ಆಡಿಸಿದ್ರ ಸದ್ದು ಬದಲಾಗ್ತೈತಿ.

ಸಿಂಥನ್ನ ನಾಲ್ಕು ಡಬಲ್ ಎ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮ್ಯಾಲೆ ನಡೆಸ್ರಿ, ಮಿಡಿಗೆ (ಯಾವ ಸ್ವರ ನುಡಿಸಬೇಕನ್ನೋ ಸಂದೇಶಕ್ಕ) ಯುಎಸ್‌ಬಿ ಬಿಟ್ಟು ಐದು ಪಿನ್ನಿನ ಡಿನ್ ಕೇಬಲ್ ಹಚ್ಚ್ರಿ. ಡಿನ್ ಮಿಡಿ ಇನ್‌ನ ಒಳಗ ಆಪ್ಟೋಕಪ್ಲರ್ ಇರ್ತೈತಿ, ಸಂದೇಶ ಬೆಳಕಿನ ರೂಪದಾಗ ದಾಟ್ತೈತಿ, ಗ್ರೌಂಡ್ ದಾಟೂದಿಲ್ಲ. ನೂರಕ್ಕ ತೊಂಬತ್ತು ಪಾಲು ಇಲ್ಲೇ ಮುಗೀತೈತಿ. ಯುಎಸ್‌ಬಿ ಬೇಕೇ ಬೇಕಂದ್ರ ಡಿಐದಾಗಿನ ಗ್ರೌಂಡ್ ಲಿಫ್ಟ್ (ಗ್ರೌಂಡ್ ಸಂಪರ್ಕ ಬಿಡಿಸೋ ಸ್ವಿಚ್) ಒತ್ತ್ರಿ. ಟ್ರಾನ್ಸ್‌ಫಾರ್ಮರ್ ಇರೋ ಪ್ಯಾಸಿವ್ ಡಿಐ ಆದ್ರ ಚಲೋ.

ಮುಂಬೈದ ಲ್ಯಾಮಿಂಗ್ಟನ್ ರೋಡಿನಾಗ, ನಮ್ಮ ಕಡೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಾಗ, ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಸಣ್ಣ ಯುಎಸ್‌ಬಿ ಐಸೋಲೇಟರ್ (ಗ್ರೌಂಡ್ ಬೇರೆ ಮಾಡೋ) ಬೋರ್ಡ್ ಹುಡುಕೋರು ಬಾಳ. ತಗೊಳ್ಳೂಮುಂದ ಮ್ಯಾಲಿನ ಚಿಪ್ ನೋಡ್ರಿ. ಬಿ0505ಎಸ್ ಅನ್ನೋ 1 ವಾಟ್ ಮಾಡ್ಯೂಲ್ ಇದ್ರ ಅದು ಕೊಡೂದು 200 ಮಿಲಿಆಂಪ್ ಅಷ್ಟ, ಸಿಂಥ್‌ಗೆ ಅದು ಸಾಲೂದಿಲ್ಲ: ಹೊತ್ತಿ ಆರ್ತೈತಿ, ಇಲ್ಲಾ ನಡುವ ರೀಸೆಟ್ ಆಗ್ತೈತಿ. ಎಡಿಯುಎಂ4160 ಚಿಪ್‌ನ ಬೋರ್ಡ್ 12 ಮೆಗಾಬಿಟ್‌ನ ಫುಲ್ ಸ್ಪೀಡ್‌ಗೆ ಮಾತ್ರ, ಹೈ ಸ್ಪೀಡ್ ಬೇಕನ್ನೋ ಆಡಿಯೋ ಇಂಟರ್‌ಫೇಸ್ ಅದರಾಗ ನಡಿಯೂದಿಲ್ಲ.

ಒಂದು ಮಾತ್ರ ಕೈ ಮುಗಿದು ಹೇಳ್ತೀನಿ: ಸದ್ದು ಹೋಗ್ಲಿ ಅಂತ ಮೂರು ಪಿನ್ನಿನ ಪ್ಲಗ್‌ನ ಅರ್ಥಿಂಗ್ ಪಿನ್ ಮುರೀಬ್ಯಾಡ್ರಿ. ಮಳಿಗಾಲದ ಪೆಂಡಾಲ್‌ದಾಗ, ಒದ್ದಿ ನೆಲದ ಮ್ಯಾಲೆ, ಅದು ಜೀವಕ್ಕ ಅಪಾಯ.

ಹಾರ್ಮನಿ_ಕಾಂದಿವಲಿ:

ಸ್ವರ ಕತ್ತರಿಸುವುದಕ್ಕೆ ಕಾರಣ ಪಾಲಿಫೋನಿ, ಅಂದರೆ ಒಮ್ಮೆಗೆ ಎಷ್ಟು ಸ್ವರ ನುಡಿಯಬಹುದು ಎಂಬ ಮಿತಿ; ಒಂದು ಸ್ವರಕ್ಕೆ ಒಂದು ವಾಯ್ಸ್. ಮೂಲ ಜೂನೋಗಳಲ್ಲಿ ಆರು ವಾಯ್ಸ್, ಜೆಯು-06ಎಯಲ್ಲಿ ನಾಲ್ಕು. ಕೈ ಎತ್ತಿದ ಮೇಲೂ ರಿಲೀಸ್ (ಸ್ವರ ಆರುವ ಬಾಲ) ಮುಗಿಯುವವರೆಗೆ ಆ ವಾಯ್ಸ್ ಬಿಡುವಾಗುವುದಿಲ್ಲ. ನಾಲ್ಕು ಸ್ವರದ ಕಾರ್ಡ್ ಬಿಟ್ಟು ತಕ್ಷಣ ಇನ್ನೊಂದು ಒತ್ತಿದರೆ ಹಳೆಯದನ್ನು ಕಿತ್ತೇ ಹೊಸದಕ್ಕೆ ಕೊಡಬೇಕು. ಸಸ್ಟೇನ್ ಪೆಡಲ್ ಇದ್ದರಂತೂ ಇನ್ನೂ ಕಷ್ಟ.

ಬೇಸ್ ಗಿಟಾರ್ ಇದೆಯಲ್ಲ, ಕಾರ್ಡ್‌ನ ಮೂಲ ಸ್ವರ ನೀವು ಹಿಡಿಯುವ ಅಗತ್ಯವೇ ಇಲ್ಲ. ಮೂರೇ ಸ್ವರ ಹಿಡಿಯಿರಿ, ಎರಡು ಕಾರ್ಡ್‌ಗೂ ಸಾಮಾನ್ಯವಾದ ಸ್ವರದಿಂದ ಬೆರಳು ತೆಗೆಯಬೇಡಿ. ರಿಲೀಸ್ 3ರ ಆಸುಪಾಸಿಗೆ ಇಳಿಸಿ, ಬಾಲವನ್ನು ಮಿಕ್ಸರ್‌ನ ರಿವರ್ಬ್‌ಗೆ ಬಿಡಿ. ಇನ್ನೊಂದು ಜೆಯು-06ಎ ಸಿಕ್ಕರೆ ಚೈನ್ ಮಾಡಿ ಎಂಟು ವಾಯ್ಸ್ ಮಾಡಬಹುದು.

ಸ್ಟ್ರಿಂಗ್ಸ್‌ಗೆ 106 ಮೋಡ್‌ನಲ್ಲಿ ಹೀಗೆ ಶುರು ಮಾಡಿ: ರೇಂಜ್ 8 ಅಡಿ, ಸಾ (ಗರಗಸದ ಹಲ್ಲಿನಾಕಾರದ ಅಲೆ, ಸರಿಗಮದ ಸಾ ಅಲ್ಲ) ಮತ್ತು ಪಲ್ಸ್ ಎರಡೂ ಆನ್, ಪಲ್ಸ್ ಅಗಲ ಎಲ್‌ಎಫ್‌ಒದಿಂದ (ನಿಧಾನ ತೂಗಿಸುವ ಆಸಿಲೇಟರ್) 5, ಎಲ್‌ಎಫ್‌ಒ ವೇಗ 4, ಸಬ್ 2. ಫಿಲ್ಟರ್ 5.5, ರೆಸೊನೆನ್ಸ್ 1, ಎನ್ವಲಪ್ 2, ಕೀ ಫಾಲೋ 5. ಅಟ್ಯಾಕ್ 3, ಡಿಕೇ 6, ಸಸ್ಟೇನ್ 8. ಕೋರಸ್ ಒಂದು. ತಬಲಾದ ಬಾಯಾಂ ಮಸುಕಾದರೆ ಮೊದಲು ಸಬ್ ತೆಗೆಯಿರಿ, ಆಮೇಲೆ ಹೈ ಪಾಸ್ (ಬಾಸ್ ಕತ್ತರಿಸುವ ಫಿಲ್ಟರ್) ಏರಿಸಿ. ಮೂಲ 106ರ ಹೈ ಪಾಸ್‌ನಲ್ಲಿ 0 ಎಂದರೆ ಬಾಸ್ ಎತ್ತುವುದು, 1ರಲ್ಲಿ ಸಮತಟ್ಟು. ಬಹಳ ಜನ 0 ಎಂದರೆ ಆಫ್ ಎಂದುಕೊಂಡು ಹಾಲ್‌ನಲ್ಲಿ ಕೆಸರು ಮಾಡಿಕೊಳ್ಳುತ್ತಾರೆ.

ಹಳೆಯದು ತರಿಸುವ ಮಾತು: ನನ್ನ ಮಟ್ಟಿಗೆ ಬೇಡ. 1984ರ 106ರಲ್ಲಿ ಪ್ರತಿ ವಾಯ್ಸ್‌ಗೆ ಒಂದು 80017ಎ ಚಿಪ್, ಮೇಲೆ ರಾಳದ ಲೇಪ. ವಯಸ್ಸಾದಂತೆ ಅದು ಕೈಕೊಟ್ಟು ಒಂದು ವಾಯ್ಸ್ ಚಿರಗುಟ್ಟುತ್ತದೆ ಅಥವಾ ಸುಮ್ಮನಾಗುತ್ತದೆ. ಕಳಚಿ ಅಸಿಟೋನ್‌ನಲ್ಲಿ ನೆನೆಸಿ ಲೇಪ ಸುಲಿಯಬೇಕು, ಇಲ್ಲವೇ ಬದಲಿ ಚಿಪ್ ಬೆಸುಗೆ ಹಾಕಬೇಕು. ಜಪಾನಿನದ್ದು 100 ವೋಲ್ಟ್. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಿದರೆ ಪವರ್ ಸಪ್ಲೈ ಸುಟ್ಟುಹೋಗುತ್ತದೆ.

ಇನ್ನು "ಡಿಜಿಟಲ್, ಅದಕ್ಕೇ ಅಲುಗಾಟವಿಲ್ಲ" ಎನ್ನುವ ದೂರು ಜೂನೋಗೆ ಹೊಂದುವುದೇ ಇಲ್ಲ. ಮೂಲ ಜೂನೋದ ಆಸಿಲೇಟರ್‌ಗಳ ಶ್ರುತಿಯನ್ನೂ ಡಿಜಿಟಲ್ ಗಡಿಯಾರವೇ ಹಿಡಿದಿಡುತ್ತದೆ, ಶ್ರುತಿ ಜಾರುವುದಿಲ್ಲ. ಜಾರುವುದು ಜುಪಿಟರ್-8ರಂಥ ವಿಸಿಒ (ವೋಲ್ಟೇಜ್‌ನಿಂದ ಶ್ರುತಿ ಹಿಡಿಯುವ ಆಸಿಲೇಟರ್) ಯಂತ್ರಗಳಲ್ಲಿ. 1982ರಲ್ಲಿ ಇದೇ ಮುಂಬೈಯಲ್ಲಿ ವಾದಕ ಚರಣ್‌ಜಿತ್ ಸಿಂಗ್ ರಾಗಗಳನ್ನು ನುಡಿಸಿದ್ದು ಆ ಜುಪಿಟರ್-8ರಲ್ಲೇ. ನಕಲನ್ನು ಪರೀಕ್ಷಿಸುವುದಾದರೆ ಬೇರೆ ದಾರಿಯಿದೆ: ಸಾ ಮಾತ್ರ ಇಟ್ಟು ಕೋರಸ್ ಆಫ್ ಮಾಡಿ, ಅತಿ ಮೇಲಿನ ಸ್ವರ ಹಿಡಿದು ಬೆಂಡ್ ವೀಲ್ ನಿಧಾನ ಏರಿಸಿ. ಸ್ವರ ಮೇಲೇರುವಾಗ ಹಿಂದೆ ಇನ್ನೊಂದು ಸಣ್ಣ ಸದ್ದು ಕೆಳಗಿಳಿದರೆ ಅದು ಅಲಿಯಾಸಿಂಗ್, ಅಂದರೆ ಡಿಜಿಟಲ್ ಲೆಕ್ಕ ಹಿಡಿಯಲಾಗದ ಮೇಲಿನ ಆವರ್ತನಗಳು ಕೆಳಗೆ ಮಡಚಿ ಬರುವ ಸುಳ್ಳು ಸ್ವರ. ಪ್ಲಗಿನ್‌ಗಳಲ್ಲಿ (ಕಂಪ್ಯೂಟರಿನ ಸಾಫ್ಟ್‌ವೇರ್ ಸಿಂಥ್‌ಗಳಲ್ಲಿ) ಇದು ಕೇಳಿಸಿದರೆ ಓವರ್‌ಸ್ಯಾಂಪ್ಲಿಂಗ್ (ಲೆಕ್ಕದ ವೇಗ) 2 ಅಥವಾ 4 ಪಟ್ಟು ಮಾಡಿ, ಸಿಪಿಯು ಹೊರೆ ಏರುತ್ತದೆ ಅಷ್ಟೆ.

ಡೊಂಬಿವಲಿ_ಕೀಸ್:

ಭಟ್ರೇ, ಕೋರಸ್ ಆಫ್ ಮಾಡಿದರೆ ಮೌನವೇ! ಸೆಲ್ ಹಾಕಿ ಡಿನ್ ಹಚ್ಚಿದ ಮೇಲೆ ಕುಂಯ್ ಕೂಡ ಇಲ್ಲ. ವೈ ಕೇಬಲನ್ನು ನಾನೇ ಬೆಸೆಯಬಹುದೇ?

ಮಿಕ್ಸರ್_ಭಟ್ಟ (ಮುಲುಂಡ್):

ಧಾರಾಳವಾಗಿ. 3.5ರ ತುದಿಯಿಂದ ಎಡ ಪ್ಲಗ್‌ನ ತುದಿಗೆ, ರಿಂಗ್‌ನಿಂದ ಬಲ ಪ್ಲಗ್‌ನ ತುದಿಗೆ, ಸ್ಲೀವ್‌ನಿಂದ ಎರಡೂ ಸ್ಲೀವ್‌ಗೆ. ಬೆಸೆದ ಮೇಲೆ ಮಲ್ಟಿಮೀಟರಿನಲ್ಲಿ ತುದಿಗೂ ರಿಂಗ್‌ಗೂ ಬೀಪ್ ಬರಬಾರದು. 3.5ರ ಒಳಗೆ ಜಾಗ ಕಡಿಮೆ, ಶೀಲ್ಡ್‌ನ ಒಂದೆಳೆ ರಿಂಗ್‌ಗೆ ತಾಗಿದರೂ ಬಲ ಚಾನೆಲ್ ಸತ್ತಂತೆಯೇ, ಹಾಗಾಗಿ ಹೀಟ್ ಶ್ರಿಂಕ್ ಹಾಕಿಯೇ ಮುಚ್ಚಿ. ಬಲ ಪ್ಲಗ್‌ಗೆ ಕೆಂಪು ಟೇಪ್ ಸುತ್ತಿ, ಕತ್ತಲೆಯ ವೇದಿಕೆಯಲ್ಲಿ ಬೇಕಾಗುತ್ತದೆ.