ಮಳೆ ಹಿಡಿದಾಗಿನಿಂದ 40 ಮೀಟರ್‌ನಲ್ಲಿ ಟಿಕ್ ಟಿಕ್, ಜೊತೆಗೆ ಎಸ್‌ಡಬ್ಲ್ಯುಆರ್ ಏರಾಟ

ಓಕ್‌ಮರದ_ಹ್ಯಾಮ್:
ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ತೋಟದ ಮನೆ ನಮ್ಮದು. ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡ್‌ಗೆ ಇನ್ವರ್ಟೆಡ್ ವಿ ಡೈಪೋಲ್, ಅಂದರೆ ತಲೆಕೆಳಗಾದ V ಆಕಾರದ ತಂತಿ ಆಂಟೆನಾ ಹಾಕಿದ್ದೇನೆ. ಒಂದೊಂದು ಕಡೆ 10 ಮೀಟರ್ ತಂತಿ, ನಡುವಿನ ಭಾಗ ಸಿಲ್ವರ್ ಓಕ್ ಮರದ ಮೇಲೆ, ಅಲ್ಲಿಂದ ರೇಡಿಯೊಗೆ ಬರುವ ಕೇಬಲ್ ಆರ್‌ಜಿ-58. ಬೇಸಿಗೆಯಲ್ಲಿ 7.100 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಪವರ್ ಆಂಟೆನಾಗೆ ಹೋಗದೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, 1 ಇದ್ದರೆ ಉತ್ತಮ) 1.3 ಇತ್ತು. ಈಗ ಜೋರು ಮಳೆ ಬಂದರೆ 3 ದಾಟುತ್ತದೆ. ಚೆನ್ನಾಗಿ ಬಿಸಿಲು ಬಿದ್ದರೆ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಬಿಸಿಲು ಎಲ್ಲಿಂದ ಬಂತು ಅಂತ ಕೇಳಬೇಡಿ.

ಇನ್ನೊಂದು ಕಾಟ, ಸೆಕೆಂಡಿಗೊಂದು ಟಿಕ್. ಸಿಗ್ನಲ್ ಮೀಟರ್ ಮುಳ್ಳು ಎಸ್9ಕ್ಕೆ, ಅಂದರೆ ಜೋರು ಸಿಗ್ನಲ್‌ನ ಮಟ್ಟಕ್ಕೆ ಹಾರುತ್ತದೆ. ಸಂಜೆ ಶುರುವಾದರೆ ಬೆಳಗಿನವರೆಗೂ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ರಿಗ್ಗನ್ನು (ರೇಡಿಯೊ ಸೆಟ್) ಬ್ಯಾಟರಿಯಲ್ಲಿ ಓಡಿಸಿ ನೋಡಿದೆ. ಗುರ್ ಅನ್ನುವ ಸದ್ದೊಂದಿತ್ತು, ಅದು ಹೋಯಿತು. ಟಿಕ್ ಮಾತ್ರ ಹಾಗೇ ಇದೆ. ಅಪ್ಪ ಕರೆಂಟ್ ಲೈನಿನದ್ದು ಅನ್ನುತ್ತಾರೆ. ನನಗೆ ಅನುಮಾನ.

ಸೋಮವಾರಪೇಟೆ_ಹಳಬ:
ಕರೆಂಟ್ ಲೈನ್ ಅಲ್ಲ ಮಾರಾಯ್ರೇ. ಲೈನ್ ಗಲಾಟೆ ಆಗಿದ್ದರೆ ಸೆಕೆಂಡಿಗೆ ನೂರು ಸಲ ಹೊಡೆದು ಗುಂಯ್ ಅನ್ನುತ್ತಿತ್ತು. ಸಂಜೆ ಶುರು, ಬೆಳಿಗ್ಗೆ ಬಂದ್, ಸೆಕೆಂಡಿಗೊಂದು ಏಟು. ಸುತ್ತಮುತ್ತ ಆನೆಗೆ ಹಾಕಿದ, ರಾತ್ರಿ ಸೆಕೆಂಡಿಗೊಂದು ಶಾಕ್ ಬಿಡುವ ಸೋಲಾರ್ ಬೇಲಿ ಇದೆಯಾ?

ಬೇಲಿ ಸರಿಯಾಗಿದ್ದರೆ ಇಷ್ಟು ಸದ್ದು ಬರುವುದಿಲ್ಲ. ಎಲ್ಲೋ ಕಿಡಿ ಹಾರುತ್ತಿದೆ. ಮಳೆಗಾಲದಲ್ಲಿ ಬಳ್ಳಿ ತಂತಿಗೆ ತಾಗುತ್ತದೆ, ಇನ್ಸುಲೇಟರ್ ಸೀಳಿರುತ್ತದೆ, ಅಥವಾ ಕೈಯಲ್ಲಿ ತಿರುಚಿ ಬಿಟ್ಟ ಜಾಯಿಂಟ್ ತುಕ್ಕು ಹಿಡಿದಿರುತ್ತದೆ. ಹಳೇ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು, ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಇಟ್ಟು, ಬೇಲಿ ಪಕ್ಕ ನಡೆಯಿರಿ. ಬೇಲಿಯುದ್ದಕ್ಕೂ ಸದ್ದು ಇರುತ್ತದೆ, ಎಲ್ಲಿ ಅತಿ ಜೋರೋ ಅಲ್ಲಿ ನಿಲ್ಲಿ. ರಾತ್ರಿ ಹೋಗಬೇಡಿ, ಸಿದ್ದಾಪುರದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಹಗಲಲ್ಲಿ ಸ್ವಲ್ಪ ಹೊತ್ತು ಬೇಲಿಗೆ ಶಾಕ್ ಕೊಡುವ ಮಿಷನ್ ಆನ್ ಮಾಡಿಸಿ. ಸಿಕ್ಕಿದ ಮೇಲೆ ಆಫ್ ಮಾಡಿಯೇ ಕೈ ಹಾಕಿ.

ನಿಮ್ಮ ರಿಗ್ಗಿನ ಅರ್ತ್ ಬೇಲಿ ಮಿಷನ್ನಿನ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಎರಡನ್ನೂ ಸೇರಿಸಲೇಬೇಡಿ.

ಕಾಯಿಲ್_ಸುತ್ತುವವ:
ಎಸ್‌ಡಬ್ಲ್ಯುಆರ್ ಬೇರೆ ಕಥೆ. ಡೈಪೋಲ್ ನಡುವೆ ಕೇಬಲ್ ಸೀಳಿದ ಜಾಗ ಮುಚ್ಚಿದ್ದೀರಾ? ಅಲ್ಲಿ ಹೊರಗಿನ ಜಾಲರಿ ಬಯಲಾಗಿದ್ದರೆ, ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಕೆಳಕ್ಕೆ ಎಳೆಯುತ್ತದೆ. ಆಂಟೆನಾ ಬಿಚ್ಚಿ, ಕೇಬಲ್‌ನ ಆ ತುದಿಗೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ ಅಳೆಯಿರಿ. ಆಗಲೂ 1ರ ಹತ್ತಿರ ಬರದಿದ್ದರೆ ಕೇಬಲ್ ಅಥವಾ ಕನೆಕ್ಟರ್ ಕೆಟ್ಟಿದೆ. ಆದರೆ ಎಸ್‌ಡಬ್ಲ್ಯುಆರ್ ಇಳಿಯಿತು ಅಂತ ಖುಷಿ ಪಡಬೇಡಿ. ತುಂಬಾ ನೀರು ಕುಡಿದ ಕೇಬಲ್ ಪವರನ್ನೇ ನುಂಗಿ, ಮೀಟರ್‌ನಲ್ಲಿ 1.2 ತೋರಿಸಬಹುದು!

ಹುಳಿ ವಾಸನೆಯ ಸಿಲಿಕೋನ್ ಹಚ್ಚಬೇಡಿ, ತಾಮ್ರ ತಿನ್ನುತ್ತದೆ. ತನಗೆ ತಾನೇ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತಿ. ಮಳೆಯಲ್ಲಿ ಮರ ಹತ್ತುವ ಸಾಹಸ ಬೇಡ, ಒಂದು ರಾಟೆ ಕಟ್ಟಿ ಇಳಿಸುವ ಹಾಗೆ ಮಾಡಿಕೊಳ್ಳಿ.

ಓಕ್‌ಮರದ_ಹ್ಯಾಮ್:
ಬೇಲಿಯೇ! ಪಕ್ಕದ ತೋಟದ್ದು. ಅಲ್ಲಿನ ರೈಟರ್ (ತೋಟದ ಗುಮಾಸ್ತರು) ಒಳ್ಳೆಯವರು, ಮಿಷನ್ ಆನ್ ಮಾಡಿಸಿ ಜೊತೆಗೇ ನಡೆದರು. ತೋಡಿನ ಹತ್ತಿರ ರೇಡಿಯೊ ಕಿರುಚಿತು. ಇನ್ಸುಲೇಟರ್ ಒಡೆದು ತಂತಿ ಕಂಬಕ್ಕೆ ತಾಗುತ್ತಿತ್ತು, ಮೇಲೆ ಬಳ್ಳಿ ಬೇರೆ. ಅವರಿಗೂ ಲಾಭವೇ, ಅಲ್ಲಿಂದ ಮುಂದಕ್ಕೆ ಬೇಲಿಯಲ್ಲಿ ಶಾಕ್ ಇರಲೇ ಇಲ್ಲವಂತೆ. ಈಗ ಉಳಿದ ಸಣ್ಣ ಟಿಕ್, ರಿಗ್ಗಿನಲ್ಲಿ ಇಂಥ ಸದ್ದು ಅಳಿಸುವ ನಾಯ್ಸ್ ಬ್ಲಾಂಕರ್ ಹಾಕಿದರೆ ಮಾಯ.

ಕೇಬಲ್ ಇಳಿಸಿ ಸಿಪ್ಪೆ ತೆಗೆದರೆ ಒಳಗಿನ ಜಾಲರಿ ಕಪ್ಪು. ಇಡೀ ಕೇಬಲ್ ಬದಲಿಸುತ್ತಿದ್ದೇನೆ. ಆ ಗುರ್ ಸದ್ದು ಹಜಾರದ ಎಲ್‌ಇಡಿ ಬಲ್ಬಿನದ್ದು. ಬಲ್ಬ್ ಬದಲಿಸುವುದೋ, ಫೆರೈಟ್ (ಇಂಥ ಗಲಾಟೆ ತಡೆಯುವ ಕಾಂತೀಯ ಬಳೆ) ಹಾಕುವುದೋ?

ಕಾಯಿಲ್_ಸುತ್ತುವವ:
ಬಲ್ಬ್ ಬದಲಿಸಿ, ಅಗ್ಗ. ಹೊಸ ಕೇಬಲನ್ನು ಡೈಪೋಲ್ ನಡುವಿನ ಹತ್ತಿರ ಎಫ್‌ಟಿ240-31 ಫೆರೈಟ್ ಬಳೆಗೆ 12 ಸುತ್ತು ಸುತ್ತಿಬಿಡಿ. ಮನೆಯೊಳಗಿನ ಗಲಾಟೆ ಕೇಬಲ್ ಮೈಮೇಲೆ ಹತ್ತಿ ಆಂಟೆನಾಗೆ ಹೋಗುವುದು ತಪ್ಪುತ್ತದೆ. 73 (ಹ್ಯಾಮ್‌ಗಳ ಶುಭಾಶಯ).