ಪುಟ್ಟ ಮಗುವಿನ ಕಿಡ್ನಿ ದೊಡ್ಡವರಿಗೆ ಹಾಕಿಸಿದ ಅನುಭವ ಯಾರಿಗಾದರೂ ಇದೆಯಾ?

ಪ್ರಶ್ನೆ: ದಾವಣಗೆರೆಯಿಂದ

ನನ್ನ ತಂಗಿಗೆ 31 ವರ್ಷ, ತೂಕ 41 ಕೆಜಿ. ವಾರಕ್ಕೆ ಮೂರು ಸಲ ಇಲ್ಲೇ ಡಯಾಲಿಸಿಸ್ ಆಗುತ್ತೆ. ಅಮ್ಮನಿಗೆ ಶುಗರ್ ಇದೆ, ನನ್ನ ಬ್ಲಡ್ ಗ್ರೂಪ್ ಹೊಂದಲಿಲ್ಲ. ಹಾಗಾಗಿ ದಾನ ಬಂದ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೇವೆ. ಮೊನ್ನೆ ಬೆಂಗಳೂರಿನ ಡಾಕ್ಟರ್ ಒಂದು ಮಾತು ಕೇಳಿದರು: ಬ್ರೈನ್ ಡೆಡ್ ಆದ ಚಿಕ್ಕ ಮಗುವಿನ ಎರಡೂ ಕಿಡ್ನಿ ಒಟ್ಟಿಗೆ ಬಂದರೆ ಒಪ್ಪುತ್ತೀರಾ? ಅಮ್ಮ ಅಲ್ಲೇ ಬೇಡ ಅಂದುಬಿಟ್ಟರು. "ಅಷ್ಟು ಚಿಕ್ಕದು ಇವಳಿಗೆ ಎಲ್ಲಿ ಸಾಕಾಗುತ್ತೆ? ಅದರಲ್ಲೂ ಕೂಸಿನದ್ದು, ಪಾಪ ಸುತ್ತಿಕೊಳ್ಳಲ್ವಾ?" ಅಂತ. ತಂಗಿ ಬಾಯೇ ಬಿಡುತ್ತಿಲ್ಲ. ಗೊತ್ತಿದ್ದವರು ತಿಳಿಸಿ. ಚೆನ್ನಾಗಿ ಆಗಿದ್ದೂ ಹೇಳಿ, ಕೈಕೊಟ್ಟಿದ್ದೂ ಹೇಳಿ.

ಉತ್ತರ: ಚಿತ್ರದುರ್ಗದಿಂದ

ನನ್ನ ಹೆಂಡತಿಗೆ ಇದೇ ಆಪರೇಷನ್ ಆಗಿದೆ ಸರ್. ಕೊಟ್ಟ ಮಗುವಿಗೆ ಎರಡು ವರ್ಷದ ಆಸುಪಾಸು ಅಂತ ಮಾತ್ರ ಗೊತ್ತು. ಹೆಸರು, ಊರು ಹೇಳುವುದಿಲ್ಲ. ನಾವೂ ಕೇಳಲಿಲ್ಲ.

ಎರಡು ಕಿಡ್ನಿಯನ್ನೂ ಬಿಡಿಸದೆ, ನಡುವಿನ ದೊಡ್ಡ ರಕ್ತನಾಳಗಳ ತುಂಡಿನ ಸಮೇತ ಜೋಡಿಯಾಗಿಯೇ ತೆಗೆದು ತರುತ್ತಾರೆ. ಎನ್ ಬ್ಲಾಕ್ ಅಂತಾರೆ. ಆ ಜೋಡಿಯನ್ನು ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ಇಟ್ಟರು. ಅವಳ ಹಳೇ ಕಿಡ್ನಿಗಳನ್ನು ತೆಗೆದಿಲ್ಲ. ಲೆಕ್ಕಕ್ಕೆ ಈಗ ನಾಲ್ಕು. ನಮ್ಮ ಮಾವ ಇದನ್ನೇ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ!

ಮೊದಲ ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಪಕ್ಕದ ಬೆಡ್‌ನವರಿಗೆ ತಾಯಿಯ ಕಿಡ್ನಿ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಇಳಿದಷ್ಟೂ ಒಳ್ಳೆಯದು) ಸರಸರ ಇಳಿಯಿತು. ನಮ್ಮದು ಇಳಿಯುತ್ತಲೇ ಇಲ್ಲ ಅನ್ನಿಸುತ್ತಿತ್ತು. ದಿನಾ ಡಾಪ್ಲರ್ ಸ್ಕ್ಯಾನ್. ಪರದೆ ಮೇಲೆ ಕೆಂಪು, ನೀಲಿ ಬಣ್ಣ ಮಿನುಗಿದರೆ ರಕ್ತ ಓಡಾಡುತ್ತಿದೆ ಅಂತ ಅರ್ಥ. ಆಮೇಲಾಮೇಲೆ ನಾನು ಡಾಕ್ಟರ್ ಮುಖ ನೋಡುವುದನ್ನೇ ಬಿಟ್ಟೆ, ಆ ಬಣ್ಣವನ್ನೇ ನೋಡುತ್ತಿದ್ದೆ. ಎರಡನೇ ವಾರ ದಾಟಿದ ಮೇಲೆ ಇಳಿಮುಖ ಹಿಡಿಯಿತು. ಆಗ ಒಂದೊಂದು ಕಿಡ್ನಿ 6 ಸೆಂಟಿಮೀಟರ್ ಇತ್ತು. ವರ್ಷ ತುಂಬುವಷ್ಟರಲ್ಲಿ 9 ದಾಟಿತ್ತು. ಹೌದು, ಒಳಗೆ ಹೋಗಿ ಬೆಳೆಯುತ್ತವೆ. ಈಗ ಕ್ರಿಯಾಟಿನಿನ್ 0.8.

ಉತ್ತರ: ದಾವಣಗೆರೆ, ಡಯಾಲಿಸಿಸ್ ಟೆಕ್ನಿಷಿಯನ್

ಅಮ್ಮನ ಮೊದಲ ಪ್ರಶ್ನೆಗೆ ನಾನು ಹೇಳ್ತೀನಿ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳಿವೆ, ನೆಫ್ರಾನ್ ಅಂತಾರೆ. ಅವುಗಳ ಸಂಖ್ಯೆ ತಾಯಿಯ ಹೊಟ್ಟೆಯಲ್ಲೇ ಪೂರ್ತಿ ಆಗಿಬಿಡುತ್ತೆ. ಒಂದೊಂದರಲ್ಲಿ ಹೆಚ್ಚು ಕಡಿಮೆ 10 ಲಕ್ಷ. ಹುಟ್ಟಿದ ಮೇಲೆ ಹೊಸದು ಹುಟ್ಟಲ್ಲ, ಇದ್ದವೇ ದೊಡ್ಡದಾಗುತ್ತವೆ. ಅಂದರೆ ಮಗುವಿನ ಕಿಡ್ನಿ ಸಣ್ಣದಷ್ಟೇ, ಒಳಗಿನ ಸರಕು ಕಡಿಮೆ ಇಲ್ಲ. ವಯಸ್ಸಾದವರ ಒಂದು ಕಿಡ್ನಿಗಿಂತ ಈ ಜೋಡಿಯಲ್ಲಿ ಜಾಸ್ತಿಯೇ ಇರುತ್ತೆ.

ಹಾಗಾದರೆ ಭಯ ಎಲ್ಲಿ? ರಕ್ತನಾಳದಲ್ಲಿ. ಅಷ್ಟು ಚಿಕ್ಕ ಮಗುವಿನ ಕಿಡ್ನಿಯ ನಾಳ ಎರಡು ಮೂರು ಮಿಲಿಮೀಟರ್. ಅದಕ್ಕೇ ನೇರವಾಗಿ ಹೊಲಿಗೆ ಹಾಕುವ ಬದಲು ದೊಡ್ಡ ನಾಳದ ತುಂಡಿಗೆ ಹಾಕುತ್ತಾರೆ. ಜೋಡಿಯಾಗಿ ಇಡುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯವಾಗಿ ಐದು ವರ್ಷದೊಳಗಿನ, 15-20 ಕೆಜಿಗಿಂತ ಕಡಿಮೆ ತೂಕದ ಮಕ್ಕಳದ್ದಾದರೆ ಹೀಗೆ. ಮಗು ಅದಕ್ಕಿಂತ ದೊಡ್ಡದಾದರೆ ಒಂದೊಂದು ಕಿಡ್ನಿ ಒಬ್ಬೊಬ್ಬರಿಗೆ. ಎಷ್ಟೇ ಜಾಗ್ರತೆ ಮಾಡಿದರೂ ಮೊದಲ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾಮೂಲಿ ಕಸಿಗಿಂತ ಜಾಸ್ತಿ.

ನಿಮ್ಮ ತಂಗಿಯ ತೂಕ ಕಡಿಮೆ ಇರುವುದು ಇಲ್ಲಿ ಒಳ್ಳೆಯದೇ. ದಪ್ಪ ಆಳಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇಂಥದ್ದು ಕೊಡಲು ಹಿಂದೇಟು ಹಾಕುತ್ತಾರೆ. ಸಣ್ಣ ಕಿಡ್ನಿಗೆ ಹೊರೆ ಜಾಸ್ತಿಯಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಬಹುದು. ಇನ್ನೊಂದು ಮಾತು. ಡಯಾಲಿಸಿಸ್ ಸೂಜಿ ಚುಚ್ಚಲು ಅವರ ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ, ಅಂದರೆ ಫಿಸ್ಟುಲಾ, ಪದೇಪದೇ ಹೆಪ್ಪುಗಟ್ಟಿ ಕಟ್ಟಿಕೊಂಡಿದ್ದರೆ ಡಾಕ್ಟರ್‌ಗೆ ತಪ್ಪದೇ ಹೇಳಿ. ಇದನ್ನು ಎಷ್ಟೋ ಜನ ಹೇಳುವುದೇ ಇಲ್ಲ.

ಉತ್ತರ: ಹರಿಹರದಿಂದ

ಕೈಕೊಟ್ಟಿದ್ದೂ ಹೇಳಿ ಅಂದಿರಿ, ಅದಕ್ಕೇ ಬರೀತಿದ್ದೀನಿ. ನಮ್ಮ ಅಣ್ಣನಿಗೆ ಆಗಿ ಬರಲಿಲ್ಲ. ಮೊದಲು ಮೂತ್ರ ಚೆನ್ನಾಗಿಯೇ ಬಂತು. ಒಂದು ಬೆಳಗ್ಗೆ ಚೀಲ ಖಾಲಿ. ಸ್ಕ್ಯಾನ್ ಮಾಡಿದರೆ ರಕ್ತ ಓಡುತ್ತಿಲ್ಲ. ಅವತ್ತೇ ಒಳಗೆ ಕರೆದುಕೊಂಡು ಹೋಗಿ ಎರಡನ್ನೂ ತೆಗೆದರು. ಈಗ ಮತ್ತೆ ಡಯಾಲಿಸಿಸ್, ಮತ್ತೆ ಲಿಸ್ಟ್. ಒಂದು ಸಲ ಕಸಿ ಸೋತರೆ ರಕ್ತದಲ್ಲಿ ಆ್ಯಂಟಿಬಾಡಿ ಜಾಸ್ತಿಯಾಗಿ ಮುಂದೆ ಬೇರೆ ಕಿಡ್ನಿ ಒಗ್ಗುತ್ತಾ ಅಂತ ನೋಡುವ ಕ್ರಾಸ್ ಮ್ಯಾಚ್ ಪರೀಕ್ಷೆಯಲ್ಲಿ ಹೊಂದುವುದೂ ಕಷ್ಟ. ಇದನ್ನು ನಮಗೆ ಆಪರೇಷನ್ ಆದ ಮೇಲೆ ಹೇಳಿದರು. ನಾಚಿಕೆ ಬಿಟ್ಟು ಕೇಳಿ ಸರ್: ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ರಾತ್ರಿ ಎರಡು ಗಂಟೆಗೆ ಡಾಪ್ಲರ್ ಮಾಡುವವರು ಆಸ್ಪತ್ರೆಯಲ್ಲೇ ಇರ್ತಾರಾ? ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ಅಭಿಪ್ರಾಯ ತಗೊಳ್ಳಿ.

ಉತ್ತರ: ಹೊಸದುರ್ಗದಿಂದ

ನಾನು ಅಂಗದಾನ ಮಾಡಿದ ಮನೆಯವಳು. ನಮ್ಮ ಅಣ್ಣನ ಮಗ ಮಹಡಿಯಿಂದ ಬಿದ್ದ. ನಾಲ್ಕು ಜನ ಡಾಕ್ಟರು ಎರಡೆರಡು ಸಲ ಪರೀಕ್ಷೆ ಮಾಡಿ ಬ್ರೈನ್ ಡೆಡ್ ಅಂತ ಬರೆದುಕೊಟ್ಟರು. 18ರ ಒಳಗಿನ ಮಕ್ಕಳಾದರೆ ಅಪ್ಪ ಅಥವಾ ಅಮ್ಮ ಒಪ್ಪಲೇಬೇಕು, ಕಾನೂನೇ ಹಾಗಿದೆ. ಯಾರೂ ಬಲವಂತ ಮಾಡಲಿಲ್ಲ. ಅತ್ತಿಗೆ ಒಂದು ರಾತ್ರಿ ಯೋಚಿಸಿ ತಾನೇ ಸಹಿ ಹಾಕಿದಳು. ನಿಮ್ಮ ತಾಯಿಗೆ ಹೇಳಿ, ಪಾಪ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಬೇಡ ಅಂತ ವಾಪಸ್ ಕಳಿಸಿದ್ದರೆ ಅತ್ತಿಗೆಗೆ ಹೇಗಾಗುತ್ತಿತ್ತೋ. 2023ರ ಮಾರ್ಚ್ ತಿಂಗಳ ಮನ್ ಕಿ ಬಾತ್‌ನಲ್ಲಿ ಅಮೃತಸರದ ತಂದೆ ತಾಯಿ ಮಾತಾಡಿದ್ದಾರೆ. ಅಂಗದಾನ ಮಾಡಿದ ಅವರ ಕೂಸಿಗೆ 39 ದಿನ. ಅಮ್ಮನಿಗೆ ಅದನ್ನು ಕೇಳಿಸಿ.

ಉತ್ತರ: ಜಗಳೂರಿನಿಂದ

ಒಪ್ಪಿದರೆ ಗಾಡಿ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ಕರೆ ಬಂದ ಮೇಲೆ ರೈಲಿನ ಟೈಮ್ ನೋಡುತ್ತಾ ಕೂರುವ ಹಾಗಿಲ್ಲ, ಬೆಂಗಳೂರು 260 ಕಿಲೋಮೀಟರ್. ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ. ಜ್ವರ, ಕೆಮ್ಮು ಇದ್ದರೆ ಫೋನಿನಲ್ಲೇ ಹೇಳಿ, ಇಲ್ಲದಿದ್ದರೆ ಅಲ್ಲಿವರೆಗೂ ಹೋಗಿ ವಾಪಸ್ ಬರಬೇಕಾಗುತ್ತೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ನೀವು ಬರೆದದ್ದನ್ನು ತಂಗಿ ಕೂತು ಪೂರ್ತಿ ಓದಿದಳು. ಹರಿಹರದವರದ್ದನ್ನು ಎರಡು ಸಲ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: ಇದಾದ ಮೇಲೆ ಮಗು ಮಾಡಿಕೊಳ್ಳಬಹುದಾ? ನನಗೆ ಉತ್ತರ ಗೊತ್ತಿಲ್ಲ. ಚಿತ್ರದುರ್ಗದ ಸರ್, ನಿಮ್ಮ ಮನೆಯವರನ್ನು ಕೇಳಿ ಹೇಳ್ತೀರಾ?

ಉತ್ತರ: ಚಿತ್ರದುರ್ಗದಿಂದ

ನಾನೇ ಬರೀತಿದ್ದೀನಿ ತಂಗಿ, ಅವರ ಹೆಂಡತಿ. ನಾನೂ ಇದನ್ನೇ ಕೇಳಿದ್ದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಾ ಕನಿಷ್ಠ ಒಂದು ವರ್ಷ ಆಗಿರಬೇಕು, ಬಿಪಿ ಹತೋಟಿಯಲ್ಲಿರಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಬಾರದು ಅಂದರು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಮೈಕೋಫಿನೊಲೇಟ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು. ಅದನ್ನು ಮೊದಲೇ ಬದಲಾಯಿಸಿ ಕೊಡ್ತಾರೆ. ನಿಮಗೆ ನೀವೇ ನಿಲ್ಲಿಸಬೇಡಿ. ನನಗೆ ಹೋದ ತಿಂಗಳು ಬದಲಾಯಿಸಿದ್ದಾರೆ. ಬೆಂಗಳೂರಿಗೆ ಹೋದಾಗ ಅಣ್ಣನ ಮುಂದೆ ಕೇಳಲು ಸಂಕೋಚ ಆದರೆ ಅವರನ್ನು ಹೊರಗೆ ಕಳಿಸಿ ಡಾಕ್ಟರ್ ಹತ್ತಿರ ನೀವೇ ಕೇಳಿ.